ಸರಾಸರಿ ಕಿಟಕಿ

ಸತ್ಯಮಂಗಲ ತುಮಕೂರಿಗೆ ಅಂಟಿಕೊಂಡೇ ಇದೆ. ಹಳ್ಳಿ ಎಲ್ಲಿ ಮುಗಿಯಿತು, ನಗರ ಎಲ್ಲಿ ಶುರುವಾಯಿತು ಎಂದು ಈಗ ಗೆರೆ ಎಳೆದು ಹೇಳುವುದು ಕಷ್ಟ. ಒಂದು ಕಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇನ್ನೊಂದು ಕಡೆ ಮೂವತ್ತು–ನಲವತ್ತರ ಸೈಟುಗಳಲ್ಲಿ ಎದ್ದ ಮನೆಗಳು. ಅಂಥದೊಂದು ಮನೆಯಲ್ಲಿ ಕಳೆದ ಫೆಬ್ರವರಿಯಲ್ಲಿ ಒಂದು ಕಿಟಕಿಯ ದೆಸೆಯಿಂದ ಅಪ್ಪ–ಮಗಳ ನಡುವೆ ಎರಡು ದಿನ ಮಾತು ನಿಂತುಹೋಗಿತ್ತು.

ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಅವಳ ಓದುವ ಮೇಜು ಇರುವುದು ಪಶ್ಚಿಮದ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡು. ಶಾಲೆ ಮುಗಿಸಿ ಬಂದು ಪುಸ್ತಕ ಬಿಡಿಸುವ ಹೊತ್ತಿಗೆ ಸರಿಯಾಗಿ ಬಿಸಿಲು ಹಾಳೆಯ ಮೇಲೆ ಬಂದು ಕೂರುತ್ತಿತ್ತು. ಕಣ್ಣು ಕುಕ್ಕುವ ಬೆಳಕು, ಬೆನ್ನಿಗೆ ಬೆವರು. ಕಿಟಕಿಗೆ ಎರಡು ಅಡಿಯ ಸಜ್ಜಾ ಇಲ್ಲದೆ ಇಲ್ಲ. ಆದರೆ ಪಶ್ಚಿಮದ ಬಿಸಿಲಿಗೆ ಸಜ್ಜಾ ಅಷ್ಟಾಗಿ ಲೆಕ್ಕಕ್ಕಿಲ್ಲ.

ಏಕೆಂದು ವಿದ್ಯಾರ್ಥಿಗಳು ತ್ರಿಕೋನಮಿತಿಯಲ್ಲೇ ಕಂಡುಕೊಳ್ಳಬಹುದು. ಸೂರ್ಯ ನೆಲದಿಂದ 60 ಡಿಗ್ರಿ ಎತ್ತರದಲ್ಲಿದ್ದು ನೇರ ಎದುರಿನಿಂದ ಬೆಳಗಿದರೆ, ಎರಡು ಅಡಿಯ ಸಜ್ಜಾದ ನೆರಳು ಗೋಡೆಯ ಮೇಲೆ ಮೂರೂವರೆ ಅಡಿಯಷ್ಟು ಕೆಳಗಿಳಿಯುತ್ತದೆ. ನಾಲ್ಕು ಅಡಿಯ ಕಿಟಕಿ ಹೆಚ್ಚುಕಡಿಮೆ ಪೂರ್ತಿ ನೆರಳಿನಲ್ಲಿರುತ್ತದೆ. ಅದೇ ಸೂರ್ಯ 30 ಡಿಗ್ರಿಗೆ ಇಳಿದರೆ ನೆರಳು ಒಂದು ಅಡಿಯ ಮೇಲೆ ಎರಡು ಅಂಗುಲಕ್ಕೂ ಕಡಿಮೆ. ಉಳಿದ ಮೂರು ಅಡಿಯ ಬಿಸಿಲು ನೇರವಾಗಿ ಒಳಗೆ. ಫೆಬ್ರವರಿ ಕೊನೆಯಲ್ಲಿ ತುಮಕೂರಿನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ಸುಮಾರು ಇಷ್ಟೇ ಎತ್ತರದಲ್ಲಿರುತ್ತಾನೆ. ಹಾಗಾಗಿ ಪಶ್ಚಿಮದ ಕಿಟಕಿಗೆ ಮೇಲಿನ ಛಾವಣಿಗಿಂತ ಎದುರಿನ ಪರದೆಯೇ ಬೇಕು.

ಬಟ್ಟೆಯ ಪರದೆ ಹಾಕಿದ್ದಾಯಿತು. ಫ್ಯಾನ್ ತಿರುಗಿದೊಡನೆ ಅದು ಹಾರಿ ಪುಸ್ತಕದ ಮೇಲೆ ಬೀಳುತ್ತಿತ್ತು, ಒಮ್ಮೆ ಕಾಫಿ ಲೋಟವನ್ನೂ ಉರುಳಿಸಿತು. ಕಡೆಗೆ ಅಪ್ಪ, “ಸುರುಳಿ ಸುತ್ತೋ ಬ್ಲೈಂಡ್ ಹಾಕಿಸಿಬಿಡೋಣ, ಪರೀಕ್ಷೆ ಹತ್ತಿರ ಬಂತು” ಎಂದರು. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗದಲ್ಲಿ ಕೆಲಸ ಮಾಡುವ ಅವರಿಗೆ ಹದಿನೆಂಟು ನೂರು ರೂಪಾಯಿ ಸುಮ್ಮನೆ ಬಿಸಾಡುವ ಹಣವಲ್ಲ. ಆದರೂ ಮಗಳ ಪರೀಕ್ಷೆ.

ಪೇಟೆಯ ಅಂಗಡಿಯವರು ಅಳತೆ ಕಳುಹಿಸಿ ಎಂದರು. ಲೆಕ್ಕದಲ್ಲಿ ಚುರುಕು ಎಂದು ಆ ಕೆಲಸ ಮಗಳ ಪಾಲಿಗೆ ಬಂತು. ತಾತನ ಪೆಟ್ಟಿಗೆಯಿಂದ ಉಕ್ಕಿನ ಟೇಪು ಹೊರಬಂತು. ಆರನೆಯ ತರಗತಿಯ ತಮ್ಮ ತುದಿ ಹಿಡಿಯಲು ನಿಂತ. ಹಿಡಿದವನೇ, “ಅಕ್ಕಾ, ಈ ಕೊಕ್ಕೆ ಅಲ್ಲಾಡ್ತಾ ಇದೆ, ಟೇಪು ಹಾಳಾಗಿದೆ. ಅಂಟು ಹಾಕ್ಲಾ?” ಎಂದು ಕೇಳಿದ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ತಾತ ಅಲ್ಲಿಂದಲೇ ಕೂಗಿದರು: “ಅಂಟುಗಿಂಟು ಹಾಕೀಯ, ಜೋಕೆ! ಅದು ಅಲ್ಲಾಡಬೇಕು ಅಂತಲೇ ಮಾಡಿರೋದು.”

ತಾತ ಹೇಳಿದ್ದು ನಿಜ. ಉಕ್ಕಿನ ಟೇಪಿನ ಕೊಕ್ಕೆ ತನ್ನ ದಪ್ಪದಷ್ಟೇ ಹಿಂದೆ ಮುಂದೆ ಸರಿಯುತ್ತದೆ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗ ಅದು ಹೊರಗೆ ಸರಿಯುತ್ತದೆ, ಆಗ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಬರುವುದಿಲ್ಲ. ಎರಡು ಗೋಡೆಗಳ ನಡುವೆ ಇಟ್ಟು ಒತ್ತಿದಾಗ ಒಳಗೆ ಸರಿಯುತ್ತದೆ, ಆಗ ದಪ್ಪವೂ ಸೇರಿಕೊಳ್ಳುತ್ತದೆ. ಎರಡು ಬಗೆಯ ಅಳತೆಯೂ ಸರಿಯಾಗಿ ಬರಲೆಂದೇ ಆ ಸಡಿಲ. ಹಾಳಾಗಿದೆ ಎಂದು ಅದನ್ನು ಬಿಗಿ ಮಾಡಿದವರು ಒಳ್ಳೆಯ ಟೇಪನ್ನು ಕೈಯಾರೆ ಕೆಡಿಸಿದಂತೆ.

ಬ್ಲೈಂಡು ಕೂರಬೇಕಾದದ್ದು ಕಿಟಕಿಯ ಎಡಬಲದ ಗೋಡೆಗಳ ನಡುವೆ. ಶಾಲೆಯ ಪ್ರಯೋಗಾಲಯದ ಅಭ್ಯಾಸದಂತೆ ಹುಡುಗಿ ಮೂರು ಕಡೆ ಅಳೆದಳು. ಮೇಲ್ಗಡೆ 119.4 ಸೆಂಟಿಮೀಟರ್, ನಡುವೆ 120.0, ಕೆಳಗೆ 120.6. ಅಪ್ಪ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

“ಒಂದೇ ಕಿಟಕಿಗೆ ಮೂರು ಅಗಲ ಹೇಗೆ ಬರುತ್ತೆ? ಸರಿಯಾಗಿ ಅಳಿ.”

ಅವಳು ಮತ್ತೆ ಅಳೆದಳು. ಮತ್ತೆ ಅದೇ ಮೂರು. ಆಗ ಅವಳಿಗೆ ಲೋಲಕದ ಪ್ರಯೋಗ ನೆನಪಾಯಿತು. ಇಪ್ಪತ್ತು ಆಂದೋಲನಗಳ ಕಾಲವನ್ನು ಮೂರು ಸಲ ನೋಡಿ, ಕೂಡಿಸಿ ಮೂರರಿಂದ ಭಾಗಿಸುತ್ತಾರಲ್ಲ, ಹಾಗೆಯೇ ಇಲ್ಲೂ ಕೂಡಿಸಿ ಭಾಗಿಸಿದಳು. ಉತ್ತರ ಚೊಕ್ಕವಾಗಿ 120.0 ಬಂತು. ಬಂದ ಉತ್ತರ ಪೂರ್ಣಸಂಖ್ಯೆಯಾದರೆ ವಿದ್ಯಾರ್ಥಿಗಳಿಗೆ ಒಂದು ಬಗೆಯ ನೆಮ್ಮದಿ. ಅಪ್ಪನಿಗೂ ನೆಮ್ಮದಿಯಾಯಿತು. ಅಂಗಡಿಗೆ ಫೋನು ಮಾಡಿ ಹೇಳಿದರು.

ವಾರದ ನಂತರ ಬ್ಲೈಂಡು ಬಂತು, ಕೂರಿಸುವ ಹುಡುಗನೂ ಬಂದ. ಕೆಳಗಡೆ ಹಿಡಿದು ನೋಡಿದರೆ ಸಲೀಸು. ಸುರುಳಿ ಇರಬೇಕಾದದ್ದು ಮೇಲ್ಗಡೆ, ಅಲ್ಲಿ ಮಾತ್ರ ಒಳಗೆ ಹೋಗಲೇ ಇಲ್ಲ. ಕೊರತೆ ಎಷ್ಟು? ಆರು ಮಿಲಿಮೀಟರ್, ಒಂದು ಪೆನ್ಸಿಲಿನ ದಪ್ಪವೂ ಇಲ್ಲ. ಆ ಹುಡುಗ ಎರಡು ಸಲ ಒತ್ತಿ ನೋಡಿದ. ಗಾರೆ ಒಂದಿಷ್ಟು ಉದುರಿತು. “ಅಳತೆ ತಪ್ಪಾಗಿದೆ ಸಾರ್” ಎಂದು ಬ್ಲೈಂಡನ್ನು ಮಂಚದ ಮೇಲೆ ಮಲಗಿಸಿ ಹೊರಟುಹೋದ.

ಅಪ್ಪ ಅವನೆದುರಿಗೇ ರೇಗಿದ್ದರು. “ಒಂದು ಕಿಟಕಿ ಅಳೆಯೋಕೆ ಬರಲ್ಲ, ಪಿಯುಸಿಗೆ ಸೈನ್ಸ್ ಬೇಕಂತೆ ಇವಳಿಗೆ!”

ಹುಡುಗಿ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಅಮ್ಮನಿಗೆ ಹೇಳಿದಳು: “ನಂಗೆ ಸೈನ್ಸ್ ಬೇಡಮ್ಮ. ಕಾಮರ್ಸ್ ತಗೋತೀನಿ.” ಕಾಮರ್ಸ್ ಕಡಿಮೆ ಎಂದಲ್ಲ. ಆದರೆ ಆ ಮಾತು ಅವಳ ಇಷ್ಟದಿಂದ ಬಂದದ್ದಲ್ಲ, ಅವಮಾನದಿಂದ ಬಂದದ್ದು ಎಂಬುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಅಪ್ಪನಿಗೂ. ಅವರು ಮಜ್ಜಿಗೆ ಹಾಕಿಸಿಕೊಳ್ಳದೆ ಎದ್ದರು.

ಆ ಮನೆಯ ತಾತ ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದವರು. ಕೈಗಡಿಯಾರದ ಬಿಡಿಭಾಗಗಳನ್ನು ಪರೀಕ್ಷಿಸುವ ವಿಭಾಗ ಅವರದು. ಸ್ವಯಂ ನಿವೃತ್ತಿ ತೆಗೆದುಕೊಂಡು ಬಹಳ ಕಾಲವಾಯಿತು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ತುಮಕೂರಿನ ಕಾರ್ಖಾನೆಯ ಜಾಗ ಆಮೇಲೆ ಇಸ್ರೋಗೆ ಹೋಯಿತು. ಆದರೂ ತಾತನ ಎಡಗೈಯಲ್ಲಿ ಕೀಲಿ ಕೊಡುವ ಗಡಿಯಾರ ಈಗಲೂ ನಡೆಯುತ್ತಿದೆ. ಮಾರನೆಯ ದಿನ ಬೆಳಿಗ್ಗೆ ಅವರು ಮೊಮ್ಮಗಳನ್ನು ಕರೆದು ಆ ಚೀಟಿ ತರಿಸಿದರು.

“ಮೂರೂ ನೀನೇ ಅಳೆದದ್ದೇನಮ್ಮ?”

“ಹೂಂ ತಾತ. ಎರಡೆರಡು ಸಲ.”

ತಾತ ತಾವೇ ಸ್ಟೂಲು ಹತ್ತಿ ಅಳೆದರು. ಕೆಳಗಿಳಿದು ಹೇಳಿದರು: “ಮೂರೂ ಸರಿಯಾಗಿವೆ. ಒಂದು ಮಿಲಿಮೀಟರೂ ಆಚೀಚೆ ಇಲ್ಲ. ನಮ್ಮ ಸೆಕ್ಷನ್ನಿಗೆ ಬಂದಿದ್ರೆ ನಿನ್ನ ಕೆಲಸಕ್ಕೆ ತಗೋತಿದ್ವಿ.”

“ಮತ್ತೆ ಯಾಕೆ ಕೂರಲಿಲ್ಲ?”

“ಅಳೆದದ್ದು ತಪ್ಪಲ್ಲ, ಭಾಗಿಸಿದ್ದು ತಪ್ಪು.”

ಆಮೇಲೆ ತಾತ ಹೇಳಿದ್ದು ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿಯಾದರೂ ಇರಬೇಕಾದ ವಿಷಯ. ಲೋಲಕವನ್ನು ಮೂರು ಸಲ ನೋಡುವಾಗ ಅಳೆಯುವುದು ಒಂದನ್ನೇ. ಅದೇ ಗುಂಡು, ಅದೇ ದಾರ. ಗಡಿಯಾರ ಒತ್ತುವ ಬೆರಳು ಒಮ್ಮೆ ಮುಂಚೆ, ಒಮ್ಮೆ ತಡವಾಗಿ ಒತ್ತುವುದರಿಂದ ಅಂಕಿಗಳು ಬೇರೆಬೇರೆಯಾಗುತ್ತವೆ. ಸರಾಸರಿ ತೆಗೆದರೆ ಆ ಹೆಚ್ಚುಕಡಿಮೆಗಳು ಒಂದನ್ನೊಂದು ತಕ್ಕಮಟ್ಟಿಗೆ ಹೊಡೆದುಹಾಕುತ್ತವೆ. ಕಿಟಕಿಯ ಮೂರು ಅಂಕಿಗಳು ಹಾಗಲ್ಲ. ಅವು ಒಂದೇ ವಸ್ತುವಿನ ಮೂರು ಅಳತೆಗಳಲ್ಲ, ಮೂರು ಬೇರೆ ಜಾಗಗಳ ಮೂರು ನಿಜಗಳು. ಅವುಗಳ ಸರಾಸರಿ ಎಂಬುದು ಕಾಗದದ ಮೇಲೆ ಇರುತ್ತದೆಯೇ ಹೊರತು ಸುರುಳಿ ಕೂರುವ ಕಡೆ ಇರುವುದಿಲ್ಲ.

“ವಾಚಿನ ಒಳಗೆ ಹಲ್ಲುಚಕ್ರ ಇರ್ತವಲ್ಲ” ಎಂದು ತಾತ ಮುಂದುವರಿಸಿದರು. “ಸಾವಿರ ಚಕ್ರದ ಸರಾಸರಿ ಸರಿಯಾಗಿದ್ರೆ ಏನು ಬಂತು? ಒಂದೊಂದು ಚಕ್ರಾನೂ ಅದರದರ ಜಾಗದಲ್ಲಿ ಕೂತ್ಕೋಬೇಕು. ನಾವು ತೂತು ಪರೀಕ್ಷೆ ಮಾಡೋಕೆ ‘ಗೋ, ನೋ ಗೋ’ ಗೇಜು ಅಂತ ಇಟ್ಕೊಂಡಿದ್ವಿ. ಒಂದು ತುದಿ ತೂತಿನೊಳಗೆ ಹೋಗಲೇಬೇಕು, ಇನ್ನೊಂದು ತುದಿ ಹೋಗಲೇಬಾರದು. ಅಷ್ಟೇ ಪರೀಕ್ಷೆ. ಸರಾಸರಿ ಹೋಗುತ್ತೆ ಅನ್ನೋ ಮಾತೇ ಇಲ್ಲ.”

ಹೊಳೆ ದಾಟಿಸಿದ ಲೆಕ್ಕಿಗನ ಹಳೆಯ ಕತೆಯನ್ನು ಹಲವರು ಕೇಳಿರಬಹುದು. ಹೊಳೆಯ ಆಳವನ್ನು ಅಲ್ಲಲ್ಲಿ ಅಳೆದು, ಸರಾಸರಿ ಮೊಣಕಾಲುದ್ದ ಎಂದು ಲೆಕ್ಕ ಹಾಕಿ, ಹೆಂಡತಿ ಮಕ್ಕಳನ್ನು ನೀರಿಗಿಳಿಸಿದವನ ಕತೆ. ಲೆಕ್ಕ ಸರಿಯಿತ್ತು, ಮಕ್ಕಳು ಮಾತ್ರ ದಡ ಸೇರಲಿಲ್ಲ. ಹೊಳೆ ದಾಟುವವನಿಗೆ ಬೇಕಾದದ್ದು ಅತಿ ಹೆಚ್ಚಿನ ಆಳ. ಗೋಡೆಗಳ ನಡುವೆ ಬ್ಲೈಂಡು ಕೂರಿಸುವವನಿಗೆ ಬೇಕಾದದ್ದು ಅತಿ ಕಡಿಮೆ ಅಗಲ. ಯಾವ ಅಂಕಿ ಬೇಕು ಎಂಬುದನ್ನು ಕೆಲಸವೇ ಹೇಳಬೇಕು.

ಇಷ್ಟಾಗುವಾಗ ತಮ್ಮ ಸುಮ್ಮನಿರಲಿಲ್ಲ. ಟೇಪನ್ನು ಮೂಲೆಯಿಂದ ಮೂಲೆಗೆ ಎಳೆದು, “ತಾತ, ಎರಡೂ ಕರ್ಣ ಒಂದೇ ಇವೆ. ಕಿಟಕಿ ಆಯತವೇ!” ಎಂದು ಘೋಷಿಸಿದ. ಹುಡುಗಿ ತುಸು ಯೋಚಿಸಿ, ಮೊದಲ ಸಲ ಮುಖ ಅರಳಿಸಿದಳು. “ಇಲ್ಲ ಕಣೋ. ಎರಡು ಪಕ್ಕಾನೂ ಸಮವಾಗಿ ವಾಲಿರೋ ತ್ರಾಪಿಜ್ಯದಲ್ಲೂ ಕರ್ಣ ಸಮನಾಗೇ ಬರುತ್ತೆ. ಎದುರುಬದುರು ಬಾಹು ಸಮ ಇದ್ದು, ಕರ್ಣಾನೂ ಸಮ ಇದ್ರೆ ಮಾತ್ರ ಆಯತ.” ರೇಖಾಗಣಿತದ ಪ್ರಮೇಯವೊಂದು ಪರೀಕ್ಷೆಯ ಹಾಳೆಯಿಂದ ಇಳಿದು ಮನೆಯ ಗೋಡೆಗೆ ಬಂದಿತ್ತು.

ಹಾಗಾದರೆ ಗೋಡೆ ವಾಲಿದ್ದೇಕೆ? ತಾತ ತಲೆ ಕೆರೆದುಕೊಂಡರು. “ಮನೆ ಕಟ್ಟಿಸಿದವನು ನಾನೇ. ಈ ಕೋಣೆಗೆ ಗಾರೆ ಮಾಡೋ ದಿನ ನಂಗೆ ಮೊದಲನೆ ಪಾಳಿ. ಮೇಸ್ತ್ರಿ ಮೇಲ್ಗಡೆ ಗಾರೆ ದಪ್ಪ ಎಳೆದುಬಿಟ್ಟಿದ್ದಾನೆ, ನಾನು ಬಂದು ನೋಡಲಿಲ್ಲ. ನೂರರಲ್ಲೊಂದು ಮಿಲಿಮೀಟರು ಹಿಡೀತಿದ್ದವನ ಮನೆ ಇದು!”

ಒಳಗಿನಿಂದ ಅಮ್ಮ ಇನ್ನೊಂದು ಮಾತು ಸೇರಿಸಿದರು. “ಅವತ್ತು ಅಂಗಡಿಯವರು ಫೋನಲ್ಲಿ ಏನೋ ಕೇಳಿದ್ರಲ್ಲ ರೀ, ಇದು ಗೋಡೆ ಅಳತೆಯೋ ಬ್ಲೈಂಡಿನ ಅಳತೆಯೋ ಅಂತ?”

ಅಪ್ಪ ಬಾಗಿಲ ಬಳಿ ನಿಂತಿದ್ದರು. ಕೇಳಿದ್ದು ಹೌದು. “ಅಳತೆ ಸರಿಯಾಗಿದೆ, ಹಾಗೇ ಮಾಡಿ” ಎಂದು ಅವರು ಉತ್ತರಿಸಿದ್ದೂ ಹೌದು. ಗೋಡೆಯಿಂದ ಗೋಡೆಯ ಅಳತೆ ಎಂದಿದ್ದರೆ ಅಂಗಡಿಯವರು ಸಲೀಸಾಗಿ ತಿರುಗಲೆಂದು ಒಂದು ಸೆಂಟಿಮೀಟರ್ ಕಳೆದು 119.0ಕ್ಕೆ ಕತ್ತರಿಸುತ್ತಿದ್ದರು. ಮೇಲಿನ 119.4ರಲ್ಲಿ ಅದು ಬಿಗಿಯಾಗಿಯಾದರೂ ಕೂರುತ್ತಿತ್ತು. ಪ್ರಶ್ನೆ ಅರ್ಥವಾಗಲಿಲ್ಲ ಎಂದು ಹೇಳಲು ಸಂಕೋಚಪಟ್ಟು ಅಪ್ಪ ಹೂಂಗುಟ್ಟಿದ್ದರು. ಹದಿನೈದು ವರ್ಷದ ಹುಡುಗಿಯ ಮೇಲೆ ಬಿದ್ದ ಬೈಗುಳಕ್ಕೆ ಹೀಗೆ ಮೂರು ತಲೆಮಾರಿನ ಪಾಲುದಾರರಿದ್ದರು.

ಅಪ್ಪ ಮೇಜಿನ ಹತ್ತಿರ ಬಂದು, ಚೀಟಿ ಕೈಗೆತ್ತಿಕೊಂಡು, “ಮೂರು ಅಂಕಿ ಹೇಗೆ ಬರುತ್ತೆ ಅಂತ ನಾನು ಕೇಳಿದ್ದೇ ತಪ್ಪು. ಅದಕ್ಕೇ ನೀನು ಒಂದು ಮಾಡಿದೆ, ಅಲ್ವಾ?” ಎಂದರು. ಹುಡುಗಿ ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. “ಅವನ ಮುಂದೆ ಬೈದುಬಿಟ್ಟೆ” ಎಂದು ಅಪ್ಪ ಮೆಲ್ಲಗೆ ಸೇರಿಸಿದರು.

ಪೋಷಕರು ಇಲ್ಲಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಮಕ್ಕಳು ಪ್ರಯೋಗದ ಪುಸ್ತಕದಲ್ಲಿ ಅಂಕಿಗಳನ್ನು ತಿದ್ದಿ ಒಂದೇ ಸಮ ಮಾಡುವುದನ್ನು ಕಲಿಯುವುದು ಹೀಗೆಯೇ. ಬೇರೆಬೇರೆ ಬಂದ ಅಂಕಿಗಳನ್ನು ಕಂಡು ಹಿರಿಯರು ಗದರುತ್ತಾರೆ, ಮಕ್ಕಳು ಗದರಿಕೆ ತಪ್ಪಿಸುವ ಉತ್ತರ ತರುತ್ತಾರೆ. ವಿಜ್ಞಾನದ ಚರಿತ್ರೆ ಇದಕ್ಕೆ ವಿರುದ್ಧವಾದುದು. ವಿಲಿಯಂ ಲ್ಯಾಂಬ್ಟನ್ ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಯನ್ನು ಆರಂಭಿಸಿದಾಗ, 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಏಳೂವರೆ ಮೈಲಿಯಷ್ಟು ಉದ್ದದ ಒಂದು ಆಧಾರರೇಖೆಯನ್ನು ಉಕ್ಕಿನ ಸರಪಳಿ ಹಾಸಿ ಅಳೆದ. ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಕಟ್ಟುತ್ತಾ ಮೈಸೂರು ಸೀಮೆಗೆ ಬಂದ. ಲೆಕ್ಕದ ಮೇಲೆ ನಂಬಿಕೆ ಇಟ್ಟು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಸರಪಳಿ ಹಾಸಿ ಅಳೆಸಿ, ಲೆಕ್ಕದಿಂದ ಬಂದ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ತಾಳೆ ನೋಡಿದ. ಅಷ್ಟು ಮೈಲಿಗಳಲ್ಲಿ ಕೆಲವೇ ಅಂಗುಲಗಳ ವ್ಯತ್ಯಾಸ ಬಂತು. ತಪ್ಪಿರಬಹುದು ಎಂದುಕೊಂಡೇ ಎರಡನೆಯ ಸಲ ಅಳೆದದ್ದರಿಂದ ಮೊದಲನೆಯ ಅಳತೆಗೆ ಬೆಲೆ ಬಂತು.

ಅಂಕಿಯ ಪಕ್ಕದ ಮಾನವೂ ಅಷ್ಟೇ ಮುಖ್ಯ. ಭಾರತದಲ್ಲಿ ಮೆಟ್ರಿಕ್ ಪದ್ಧತಿ 1958ರಿಂದ ಹಂತಹಂತವಾಗಿ ಜಾರಿಗೆ ಬಂದರೂ ಬಡಗಿ, ಮೇಸ್ತ್ರಿ, ಪರದೆ ಅಂಗಡಿಗಳಲ್ಲಿ ಅಡಿ–ಅಂಗುಲವೇ ಇನ್ನೂ ಮಾತಾಡುತ್ತದೆ. ಹೂವಾಡಗಿತ್ತಿಯ ಮೊಳವಂತೂ ಅವಳ ತೋಳಿನಷ್ಟು. ನಾಲ್ಕು ಅಡಿ ಆರು ಅಂಗುಲವನ್ನು 4.6 ಅಡಿ ಎಂದು ಬರೆದುಕೊಡುವವರು ಹಲವರು. 4.6 ಅಡಿ ಎಂದರೆ ನಾಲ್ಕು ಅಡಿ ಏಳು ಅಂಗುಲಕ್ಕೂ ಹೆಚ್ಚು. ಕಿಟಕಿಯಲ್ಲಾದರೆ ಒಂದು ಬ್ಲೈಂಡು ಹಾಳು. 1999ರಲ್ಲಿ ಮಂಗಳನ ಬಳಿ ಅಮೆರಿಕದ ಒಂದು ನೌಕೆಯೇ ಹಾಳಾಯಿತು. ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ನ್ಯೂಟನ್ ಲೆಕ್ಕ ಎಂದು ಓದಿಕೊಂಡಿತ್ತು.

ಸತ್ಯಮಂಗಲದ ಬ್ಲೈಂಡು ಹಾಳಾಗಲಿಲ್ಲ. ಹೆಚ್ಚಾದದ್ದನ್ನು ಕತ್ತರಿಸಬಹುದು, ಕಡಿಮೆಯಾದದ್ದನ್ನು ಎಳೆದು ಉದ್ದ ಮಾಡಲಾಗದು. ಅಪ್ಪ ಅದನ್ನು ಸ್ಕೂಟರಿನಲ್ಲಿ ಅಡ್ಡ ಹಿಡಿದುಕೊಂಡು ಹೋಗಲು ಮಗಳನ್ನೇ ಹಿಂದೆ ಕೂರಿಸಿಕೊಂಡರು. ಅಂಗಡಿಯಲ್ಲಿ ಅವಳೇ ಹೇಳಿದಳು: “ಗೋಡೆಯಿಂದ ಗೋಡೆಗೆ ಮೇಲ್ಗಡೆ 119.4 ಸೆಂಟಿಮೀಟರ್, ಅದೇ ಅತಿ ಕಡಿಮೆ. ಒಂದು ಸೆಂಟಿಮೀಟರ್ ಬಿಟ್ಟು 118.4ಕ್ಕೆ ಕತ್ತರಿಸಿ ಅಂಕಲ್.” ನೂರೈವತ್ತು ರೂಪಾಯಿ ತೆತ್ತು ಕೆಲಸ ಮುಗಿಯಿತು. ಕೆಳಗಡೆ ಎರಡೂ ಪಕ್ಕದಲ್ಲಿ ಒಂದೊಂದು ಸೆಂಟಿಮೀಟರಿನಷ್ಟು ಸಂದಿ ಉಳಿದು, ಸಂಜೆ ಎರಡು ಬಿಸಿಲ ಗೆರೆಗಳು ಮೇಜಿನ ಅಂಚಿಗೆ ಬೀಳುತ್ತವೆ. ಓದಿಗೇನೂ ತೊಂದರೆಯಿಲ್ಲ. ಎಳೆಯುವ ದಾರದ ಕುಣಿಕೆಯನ್ನು ತಾತ ಎತ್ತರದ ಮೊಳೆಗೆ ಬಿಗಿದು ಕಟ್ಟಿಸಿದ್ದಾರೆ. ಮನೆಗೆ ಬಂದುಹೋಗುವ ಪುಟ್ಟ ಮಕ್ಕಳ ಕೊರಳಿಗೆ ಅದು ಸಿಕ್ಕಿಕೊಳ್ಳುವ ಅಪಾಯವಿದೆ, ಎಲ್ಲ ಮನೆಗಳಲ್ಲೂ ಇದನ್ನು ಗಮನಿಸಬೇಕು.

ಕಿಟಕಿಯಿಂದ ತೆಗೆದ ಬಟ್ಟೆಯ ಪರದೆಯನ್ನು ಅಮ್ಮ ನಡುಮನೆಗೆ ಹಾಕಿದರು. ಆ ಪರದೆ ಹೊಲಿದಾಗ ಅವರೇನೂ ಮಿಲಿಮೀಟರು ನೋಡಿರಲಿಲ್ಲ. ಕಂಬಿ ಕಿಟಕಿಗಿಂತ ಎರಡೂ ಕಡೆ ಅರ್ಧರ್ಧ ಅಡಿ ಆಚೆಗೆ, ಬಟ್ಟೆಯ ಅಗಲ ಕಂಬಿಯ ಒಂದೂವರೆಯಿಂದ ಎರಡರಷ್ಟು, ಮೇಲೆ ಕೆಳಗೆ ಮಡಿಕೆಗೆ ಒಂದಷ್ಟು ಹೆಚ್ಚು. ಹತ್ತಿ ಬಟ್ಟೆಯಾದ್ದರಿಂದ ಮೊದಲೇ ನೀರಿನಲ್ಲಿ ನೆನೆಹಾಕಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿ. ಬಟ್ಟೆ ನೆರಿಗೆಯಲ್ಲಿ ತಪ್ಪನ್ನು ಮುಚ್ಚಿಕೊಳ್ಳುತ್ತದೆ. ಎಲ್ಲಿ ಎಷ್ಟು ನಿಖರತೆ ಬೇಕು ಎಂದು ತಿಳಿದಿರುವುದೂ ಅಳತೆಯ ವಿದ್ಯೆಯ ಒಂದು ಭಾಗ.

ಪರೀಕ್ಷೆ ಮುಗಿಯಿತು, ಫಲಿತಾಂಶವೂ ಬಂತು. ಹುಡುಗಿ ಸೈನ್ಸ್ ತೆಗೆದುಕೊಂಡಳೋ ಕಾಮರ್ಸೋ ಎಂದು ನೆಂಟರು ವಿಚಾರಿಸುವುದುಂಟು. ಎರಡರ ಅರ್ಜಿಯನ್ನೂ ತರಿಸಿಕೊಂಡು ಅವಳೇ ಓದಿ ಆರಿಸಿಕೊಂಡಳು, ಮನೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ ಎಂಬುದಷ್ಟೇ ಅಪ್ಪನ ಉತ್ತರ. ಬೇಸಿಗೆ ರಜೆಯಲ್ಲಿ ಎದುರು ಮನೆಯವರು ತಮ್ಮ ಕಿಟಕಿಗೂ ಬ್ಲೈಂಡು ಹಾಕಿಸಬೇಕೆಂದು ಅವಳನ್ನೇ ಕರೆದರು. ತಮ್ಮ ತುದಿ ಹಿಡಿದ. ಅವಳು ಮೂರು ಕಡೆ ಅಳೆದು ಚೀಟಿ ಬರೆದಳು. ಅಂಕಿಗಳು ಬೇರೆಬೇರೆಯೇ ಬಂದಿದ್ದವು. ಮೂರರ ಪಕ್ಕದಲ್ಲೂ ‘ಸೆಂ.ಮೀ.’ ಎಂದು ಬರೆದು, ಚಿಕ್ಕದರ ಕೆಳಗೆ ಎರಡು ಗೆರೆ ಎಳೆದಳು.

“ಒಂದೇ ಕಿಟಕಿಗೆ ಮೂರು ಅಳತೆಯಾ?” ಎಂದು ಆ ಮನೆಯ ಆಂಟಿ ಕೇಳಿದರು.

“ಹೌದು ಆಂಟಿ” ಎಂದಳು ಹುಡುಗಿ, “ನಿಮ್ಮ ಕಿಟಕಿ ಇರೋದೇ ಹಾಗೆ.”